ಮಸ್ಕಿಯಲ್ಲಿ ನೀರು ಕುದಿಯುವುದು

ಮಸ್ಕಿ
೮ ಜೂನ್ ೨೦೨೫, ಭಾನುವಾರ

ಪ್ರೀತಿಯ ರೇಣುಕಕ್ಕನಿಗೆ,

ನಿನ್ನ ತಂಗಿ ವಿಜಯಶ್ರೀಯ ಶರಣು. ಭಾವನವರಿಗೂ ತಿಳಿಸು. ಗಂಡಿನ ಕಡೆಯವರು ಬಂದು ಹೋಗಿ ವಾರವಾಯಿತು, ಇವಳು ಒಂದು ಮಾತೂ ತಿಳಿಸಲಿಲ್ಲ ಎಂದು ನೀನು ಮುಕ್ಕುಂದದಲ್ಲಿ ಕೂತು ಬೈಯುತ್ತಿರುವುದು ಗೊತ್ತು. ಏನು ಮಾಡಲಿ, ನಾನು ಫೋನ್ ಹಿಡಿದರೆ ಅವ್ವ ಪಕ್ಕಕ್ಕೇ ಬಂದು ಕೂಡುತ್ತಾಳೆ. ಅದಕ್ಕೇ ಈ ಕಾಗದ. ತಪ್ಪು ತಿಳಿಯಬೇಡ.

ಗಂಡಿನ ಹೆಸರು ಶಿವಕಾಂತ. ಸಿಂಧನೂರಿನ ಖಾಸಗಿ ಕಾಲೇಜೊಂದರಲ್ಲಿ ರಸಾಯನಶಾಸ್ತ್ರದ ಉಪನ್ಯಾಸಕ. ಕೂದಲು ನೀಟಾಗಿದೆ, ಶರ್ಟಿನ ಇಸ್ತ್ರಿ ಅದಕ್ಕಿಂತ ನೀಟು. ಒಳ್ಳೆಯ ಮಾತು ಅಲ್ಲಿಗೆ ಮುಗಿಯಿತು. ಜೊತೆಗೆ ಬಂದವನು ಅವನ ಸೋದರಮಾವ ಮರಿಸ್ವಾಮಿ, ಅಕ್ಕಿ ವ್ಯಾಪಾರಿ. ಅವ್ವ ಮಾಡಿದ ಮಂಡಕ್ಕಿ ವಗ್ಗರಣೆಯನ್ನು ತಟ್ಟೆಯ ತಳ ಕಾಣುವವರೆಗೆ ತಿಂದು, ಮಿರ್ಚಿ ಬಜ್ಜಿಗೆ ಉಪ್ಪು ಕಡಿಮೆ ಎಂದು ಹೇಳಿ ಮತ್ತೆರಡು ಹಾಕಿಸಿಕೊಂಡ ಮಹಾನುಭಾವ. ಹಿಂದೆಲ್ಲ ಹುಡುಗಿಗೆ ಹಾಡು ಹೇಳು, ನಡೆದು ತೋರಿಸು ಅನ್ನುತ್ತಿದ್ದರು. ಇವರು ಓದಿದ ಮನೆತನವಂತೆ, ಅದಕ್ಕೆ ಪರೀಕ್ಷೆ ಇಟ್ಟರು.

“ಹುಡುಗಿ ಫಿಜಿಕ್ಸ್ ಎಂ.ಎಸ್ಸಿ. ಅಂದ್ರಲ್ರೀ. ಶಿವಕಾಂತ, ಏನರ ಒಂದು ಕೇಳಪಾ,” ಎಂದ ಮಾವ.

ಅಳಿಯ ಗಂಟಲು ಸರಿಮಾಡಿಕೊಂಡು, “ನೀರು ಎಷ್ಟು ಡಿಗ್ರಿಗೆ ಕುದಿತಾವ್ರೀ?” ಎಂದ. ಐದನೆಯ ಕ್ಲಾಸಿನ ಪ್ರಶ್ನೆ! ಆದರೂ ನಾನು ಮರ್ಯಾದೆಯಿಂದಲೇ, “ಎಲ್ಲಿ ಕುದಿಸಿದ್ರರೀ?” ಎಂದು ಕೇಳಿದೆ.

“ಎಲ್ಲಿ ಅಂದ್ರ? ಒಲಿ ಮ್ಯಾಲೆ!” ಮಾವ ಹೊಟ್ಟೆ ಕುಲುಕಿಸಿ ನಕ್ಕ.

ನನಗೆ ಸುಮ್ಮನಿರಲಾಗಲಿಲ್ಲ, ಅಕ್ಕ. ನೂರು ಎನ್ನುವುದು ಸಮುದ್ರದ ದಂಡೆಯ ಲೆಕ್ಕ, ನಮ್ಮೂರು ಅದಕ್ಕಿಂತ ಎತ್ತರದಲ್ಲಿದೆ, ಮೇಲಿಂದ ಒತ್ತುವ ಗಾಳಿ ಅಷ್ಟು ಕಡಿಮೆ, ಹಾಗಾಗಿ ಮಸ್ಕಿಯಲ್ಲಿ ನೀರು ತೊಂಬತ್ತೊಂಬತ್ತು ಮುಟ್ಟುವ ಮೊದಲೇ ಕುದಿಯುತ್ತದೆ ಎಂದೆ. ಉಪ್ಪು ಹಾಕಿದರೆ ತುಸು ಮೇಲೇರುತ್ತದೆ, ಕುಕ್ಕರಿನಲ್ಲಿ ಹಬೆ ಒತ್ತಿ ಹಿಡಿಯುವುದರಿಂದ ನೂರಿಪ್ಪತ್ತರ ಹತ್ತಿರ ಹೋಗುತ್ತದೆ, ಅದಕ್ಕೇ ಬೇಳೆ ಬೇಗ ಬೇಯುತ್ತದೆ ಎಂದೂ ಹೇಳಿದೆ.

ಮಾವ ಅಪ್ಪನ ಕಡೆ ತಿರುಗಿ, “ನೂರು ಅನ್ನೂದು ನನಗೂ ಗೊತ್ತೈತ್ರೀ, ನಾ ಎಸ್ಸೆಸ್ಸೆಲ್ಸಿ ಫೇಲು!” ಎಂದ. ಫೇಲಾದದ್ದನ್ನು ಪದಕದಂತೆ ತೋರಿಸಿಕೊಳ್ಳುವ ಮನುಷ್ಯನನ್ನು ನಾನು ಮೊದಲ ಸಲ ಕಂಡೆ.

ಇನ್ನು ಆ ಉಪನ್ಯಾಸಕ! ಬಾಗಿಲಲ್ಲಿ ಚಪ್ಪಲಿ ಹಾಕಿಕೊಳ್ಳುವಾಗ ನನಗಷ್ಟೇ ಕೇಳುವಂತೆ, “ನೀವು ಹೇಳಿದ್ದು ಖರೇ ಐತ್ರೀ. ಆದ್ರ ಹಿರೇರ ಮುಂದ ನೂರು ಅಂದಿದ್ರ ನಿಮ್ದೇನು ಗಂಟು ಹೋಗ್ತಿತ್ತು?” ಎಂದ. ಗೊತ್ತಿಲ್ಲದವನನ್ನು ಕ್ಷಮಿಸಬಹುದು. ಗೊತ್ತಿದ್ದೂ ಮಾವನ ಮುಖ ನೋಡುತ್ತ ಕೂರುವವನು ಕಾಲೇಜಿನಲ್ಲಿ ಏನು ಕಲಿಸುತ್ತಾನೋ ಶಿವನೇ ಬಲ್ಲ. ಥೂ!

ಮೊನ್ನೆ ಹೇಳಿ ಕಳಿಸಿದ್ದಾರೆ. ಹುಡುಗಿ ಒಪ್ಪಿಗೆಯಂತೆ. ಆದರೆ ನಾನು ಮರಿಸ್ವಾಮಿಗೆ ಫೋನ್ ಮಾಡಿ, ‘ತಪ್ಪಾಯಿತು, ನೂರೇ ಸರಿ’ ಎನ್ನಬೇಕಂತೆ. ತಗ್ಗಿ ನಡೆಯುವವಳೋ ಅಲ್ಲವೋ ತಿಳಿಯಬೇಕಲ್ಲ! ನಾನು ಒಲ್ಲೆ ಎಂದಿದ್ದೇನೆ. ಅವ್ವ ಊಟ ಬಿಟ್ಟು ಮಲಗಿದ್ದಾಳೆ. ನಾನು ದಿನವೂ ಲಿಂಗಸುಗೂರಿನ ಶಾಲೆಗೆ ಬಸ್ಸಿನಲ್ಲಿ ಹೋಗಿ, ಎಂಟನೆಯ ಕ್ಲಾಸಿನ ಹುಡುಗಿಯರಿಗೆ ಇದೇ ಪಾಠ ಮಾಡಿ ಬರುತ್ತೇನೆ. ಆ ಮಕ್ಕಳಾದರೂ ‘ಎಲ್ಲಿ?’ ಎಂದು ಕೇಳುತ್ತಾರೆ.

ನಿನ್ನ ಮಗಳು ಮಹಾಲಕ್ಷ್ಮಿಗೆ ನನ್ನ ಮುತ್ತು. ನಮ್ಮ ಗುಡ್ಡದ ದೇವರು ಮಲ್ಲಯ್ಯ ಅವಳಿಗೆ ಒಳ್ಳೆಯ ವಿದ್ಯೆ ಕೊಡಲಿ, ಅದನ್ನು ಹೇಳಲು ಗಟ್ಟಿ ದನಿಯನ್ನೂ ಕೊಡಲಿ.

ನಿನ್ನ
ವಿಜಯಾ

ತಾ.ಕ.: ಅಪ್ಪನ ವಿಷಯ ಬರೆಯಲು ಕೈ ಬರಲಿಲ್ಲ. ನಿನಗೆ ನೆನಪಿರಬೇಕು, ನಾನು ಏಳನೆಯ ಕ್ಲಾಸಿನಲ್ಲಿದ್ದಾಗ ಅಪ್ಪ ತಾನು ಕಲಿಸುತ್ತಿದ್ದ ಶಾಲೆಯ ಥರ್ಮಾಮೀಟರ್, ಮನೆಯ ಸ್ಟವ್ ಹೊತ್ತು ನಮ್ಮಿಬ್ಬರನ್ನೂ ಮಲ್ಲಯ್ಯನ ಗುಡ್ಡ ಹತ್ತಿಸಿದ್ದ. ನೀರು ಕುದಿದರೂ ಪಾದರಸ ನೂರಕ್ಕೆ ಬರಲಿಲ್ಲವೆಂದು ನಾನು ಅತ್ತಾಗ, “ಪುಸ್ತಕ ಏನರ ಅನ್ಲಿ, ಪಾದರಸ ಹೇಳಿದ್ದು ಬರಿಯವ್ವಾ,” ಎಂದಿದ್ದ. ಅಂಥ ಅಪ್ಪ ಅವರು ಬಂದ ದಿನ ಮರಿಸ್ವಾಮಿಯ ಮುಂದೆ ಕೈ ಮುಗಿದು, “ಹುಡುಗಿ ತಪ್ಪು ಹೇಳ್ಯಾಳ್ರೀ, ನೂರು ಅನ್ನೂದ ಖರೆ,” ಎಂದುಬಿಟ್ಟ. ಅವರೆಲ್ಲರಿಗೂ ಥೂ ಎಂದೆ, ಅಕ್ಕ. ಅಪ್ಪನಿಗೆ ಏನೆನ್ನಲಿ? ಈಗ ಫೋನ್ ಹಿಡಿದು ನನ್ನ ಬಾಗಿಲಲ್ಲಿ ನಿಂತಿದ್ದಾನೆ. ಮುಖ ಎತ್ತುತ್ತಿಲ್ಲ. “ಅಂದುಬಿಡವ್ವಾ,” ಅನ್ನುತ್ತಿದ್ದಾನೆ, “ಬರೇ ಒಂದು ಡಿಗ್ರಿ ಮಾತೈತಿ.”