ಅತ್ತೆಯ ದನಿ ಇರುವ ಡಿಸ್ಕ್

ರೀ,

ಟ್ರ್ಯಾಕ್ಟರಿಗೆ ಹಾಡು ತುಂಬಲು ಅಳಿಸಿಕೊಡು ಎಂದು ನೀವು ಕೊಟ್ಟಿದ್ದ ಹಳೆಯ ಡಿಸ್ಕನ್ನು ನಾನು ಅಳಿಸಿಲ್ಲ. ಫಾರ್ಮ್ಯಾಟ್ ಮಾಡುವ ಮುಂಚೆ ತೆರೆದು ನೋಡಿದ್ದು ಒಳ್ಳೆಯದಾಯಿತು. ಅದರಲ್ಲಿ ಅತ್ತೆಯ ದನಿ ಇದೆ. ಬಂಕಾಪುರದ ಹೊಲದಲ್ಲಿ ನವಿಲು ಓಡಿಸುತ್ತ, “ಏ ಚೆಲುವರಾಯ, ಈ ಶೇಂಗಾ ನಿಮ್ಮಪ್ಪ ಬಿತ್ಯಾನೇನಲೇ?” ಎಂದು ಬೈಯುತ್ತಿದ್ದಾರೆ. ಅವರು ತೀರಿಕೊಂಡ ಮೇಲೆ ನಮ್ಮ ಹತ್ತಿರ ಉಳಿದಿರುವ ದನಿ ಇದೊಂದೇ.

ಎರಡು ಒಳ್ಳೆಯ ಪೆನ್‌ಡ್ರೈವಿಗೆ ನಕಲು ಮಾಡಿ, ಎರಡನ್ನೂ ಕೊನೆಯವರೆಗೆ ಕೇಳಿ ನೋಡಿದ್ದೇನೆ. ನೀವು ಸಂತೆಯಿಂದ ತಂದ ಪೆನ್‌ಡ್ರೈವನ್ನು ಮುಟ್ಟಿಲ್ಲ. ಅದು ಅರ್ಧ ತುಂಬುವಷ್ಟರಲ್ಲಿ ಕೈಕೊಡುತ್ತದೆ. ಒಂದು ನಕಲು ಬೀರುವಿನಲ್ಲಿದೆ. ಇನ್ನೊಂದನ್ನು ಹಾನಗಲ್ಲಿಗೆ, ನಿಮ್ಮ ಅಕ್ಕನಿಗೆ ಒಯ್ಯುತ್ತಿದ್ದೇನೆ.

ಮೊದಲು ಉಣ್ಣಿ, ಆಮೇಲೆ ಕೇಳಿ.

ಇನ್ನು ಆ ಡಿಸ್ಕ್ ಅಳಿಸಿದರೂ ನಷ್ಟವಿಲ್ಲ, ನನಗೂ ಗೊತ್ತು. ಅಳಿಸುವುದಾದರೆ ನೀವೇ ಅಳಿಸಿ. ನನಗಂತೂ ಕೈ ಏಳಲಿಲ್ಲ.

ವಿದ್ಯಾ