ಮಖಮಲ್‌ನ ಕಿವಿ

ಅಜಯ,

ನಾ ವಾಡಿಗೆ ಡ್ಯೂಟಿಗೆ ಹೊಂಟೀನಿ. ನೀ ಎದ್ದ ಮ್ಯಾಲ ಕನ್ನಡಿ ಮುಂದ ನಿಂದ್ರಬ್ಯಾಡ, ಮೊದಲ ಮಖಮಲ್‌ನ ಕಿವಿ ನೋಡು. ಉದ್ದ ಕೂದಲಿನ ಬೇಟಿ ಆಡೋ ನಾಯೀನ ಬೇಕಂತ ಹಟ ಹಿಡಿದು ತಂದಾಂವ ನೀ. ಫೋಟೋದಾಗ ಮಿಂಚಲಿ ಅಂತ ಅದರ ಕಿವಿಗೆ ಕೊಬ್ಬರಿಎಣ್ಣಿ ಹಚ್ಚಿ, ಫರಸಿಕಲ್ಲು ಪಾಲಿಶ್ ಮಾಡೋ ಕಾರ್ಖಾನಿ ಮುಂದ ಓಡಿಸಿದ ಶಾಣ್ಯಾನೂ ನೀನ. ಕಲ್ಲಿನ ಧೂಳು ಎಣ್ಣಿಗೆ ಹತ್ತಿ ಕೂದಲೆಲ್ಲ ಗಂಟಾಗ್ಯಾವ. ಹೆಸರು ಮಖಮಲ್, ಮುಟ್ಟಿದ್ರ ಗೋಣಿಚೀಲ.

ನೀರು ಹಾಕಬ್ಯಾಡ, ಗಂಟು ಇನ್ನೂ ಬಿಗಿ ಆಗ್ತಾವ. ಕತ್ತರಿ ಮುಟ್ಟಬ್ಯಾಡ. ಕಡ್ಲಿಹಿಟ್ಟು ತಿಕ್ಕಿ ಎಣ್ಣಿ ತೆಗಿ, ಬೆರಳಿಲೆ ಒಂದೊಂದ ಗಂಟು ಬಿಡಸು, ಆಮ್ಯಾಲ ಬಾಚು. ನಿನ್ನ ಬಾಚಣಿಕಿಲೇ ಬಾಚು, ಅದಕ್ಕೂ ಒಂದು ಚಲೋ ಕೆಲಸ ಸಿಗಲಿ.

ಹಾಲು ರೊಟ್ಟಿ ಹಾಕೋ ಮುಂದ ಕಿವಿ ತಾಟಿನ್ಯಾಗ ಬೀಳದಂಗ ಅರಿವಿಲೆ ಹಿಂದಕ್ಕ ಕಟ್ಟು. ನೋವಾದ್ರೂ ಅದು ಕಚ್ಚಂಗಿಲ್ಲ, ನಿನ್ನ ಮಾರಿ ನೆಕ್ಕತದ. ಅದಕ್ಕ ಬುದ್ಧಿ ಕಡಿಮಿ.

ಐತವಾರ ಚಿಮ್ಮನಚೋಡದಿಂದ ಹುಡುಗಿ ಕಡಿಯವರು ಮನಿ ನೋಡಲಿಕ್ಕ ಬರ್ತಾರ. ‘ನಮ್ಮ ಹುಡುಗೀನ ಛಂದ ನೋಡ್ಕೋತಾನೇನ್ರಿ’ ಅಂತ ಕೇಳಿದ್ರ ನಾ ಸೀದಾ ನಾಯಿ ಕಿವಿ ಎತ್ತಿ ತೋರಸ್ತೀನಿ.

ಲುಂಬಿನಿ ಅಕ್ಕ