ಕಪ್ಪೆ ಹಾಕಿದ ಕನ್ನ

ಪ್ರಯೋಗಾಲಯದ ಎರಡನೇ ಮಹಡಿ, ಕಿಟಕಿ ಪಕ್ಕದ ಮೇಜು
ಮಂಗಳವಾರ, ಹನ್ನೊಂದನೇ ತಾರೀಖು

ಪ್ರೀತಿಯ ಅಜ್ಜಿಗೆ,

ಮಂಡಿನೋವು ಹೇಗಿದೆ? ಹೊಸ ಹಲ್ಲುಸೆಟ್ಟು ಕೂತಿತಾ? ಕಪ್ಪೆ ಕ್ಷೇಮವೇ?

ಹೌದು, ಚಿಕ್ಕಮ್ಮ ಫೋನ್ ಮಾಡಿ ಎಲ್ಲ ಹೇಳಿದಳು. "ನಿನ್ನ ಕಾಗದ ಓದಿದ್ದೇ ಓದಿದ್ದು, ನಿಮ್ಮಜ್ಜಿ ಬಚ್ಚಲಲ್ಲಿ ಕಪ್ಪೆ ಸಾಕ್ಕೊಂಡಿದಾಳೆ ಕಣೇ! ದಿನಾ ಬೆಳಿಗ್ಗೆ ಅದನ್ನ ಕತ್ತಿನ ಗಂಟಿಗೆ ಒತ್ಕೋತಾಳೆ. ಸೂಜಿ ಚುಚ್ಚಿ ನೋಡೋ ಪರೀಕ್ಷೆ ಬೇಡವಂತೆ!" ಎಲ್ಲ ಒಂದೇ ಉಸಿರಿಗೆ. ಆ ಕಪ್ಪೆ ನಿನಗಿಂತ ಹೆಚ್ಚು ಹೆದರಿದೆಯಂತೆ.

ತಪ್ಪು ನನ್ನದೇ. ಸಾಹಿತ್ಯ ಓದಿದವಳನ್ನು ಪ್ರಯೋಗಾಲಯದಲ್ಲಿ ಕೂರಿಸಿ, ಜನರಿಗೆ ತಿಳಿಯುವ ಹಾಗೆ ಕರಪತ್ರ ಬರೆ ಎಂದರೆ ಆಗುವುದೇ ಹೀಗೆ. ಕಪ್ಪೆಯ ಚರ್ಮದಲ್ಲಿ ಪೆಪ್ಟೈಡ್ ಎಂಬ ಪುಟ್ಟ ಪ್ರೋಟೀನ್ ತುಣುಕುಗಳಿವೆ, ರೋಗಾಣುಗಳನ್ನು ಕೊಲ್ಲುವಂಥವು. ಅವು ಕ್ಯಾನ್ಸರ್ ಕೋಶದ ಗೋಡೆಯಂಥ ಪೊರೆಗೂ ಕನ್ನ ಹಾಕುತ್ತವೆ ಎಂದು ಕಳೆದ ಕಾಗದದಲ್ಲಿ ಬರೆದಿದ್ದೆ. ‘ಕನ್ನ’ ಎಂಬ ಮಾತು ಸಿಕ್ಕ ಖುಷಿಯಲ್ಲಿ ‘ಗಾಜಿನ ತಟ್ಟೆಯಲ್ಲಿ’ ಎಂಬ ಮಾತು ಬಿಟ್ಟೇಹೋಯಿತು. ಅಜ್ಜಿ, ನಾನು ನೋಡಿದ್ದೆಲ್ಲ ತಟ್ಟೆಯಲ್ಲಿ, ಮನುಷ್ಯರ ಮೈಯಲ್ಲಲ್ಲ. ಇಲ್ಲಿ ಒಂದು ಕಪ್ಪೆಯೂ ಇಲ್ಲ. ತುಣುಕುಗಳನ್ನು ಯಂತ್ರದಲ್ಲೇ ಹೆಣೆಯುತ್ತಾರೆ. ಹೋದ ವಾರ ಒಂದು ತುಣುಕು ಕ್ಯಾನ್ಸರ್ ಕೋಶಗಳ ಜೊತೆಗೆ ಒಳ್ಳೆಯ ರಕ್ತಕಣಗಳನ್ನೂ ಒಡೆದುಹಾಕಿತು, ಮನೆ ಗುರುತು ತಪ್ಪಿದ ಕಳ್ಳನ ಹಾಗೆ. ಕರಪತ್ರದಲ್ಲೂ ಅದೇ ‘ಕನ್ನ’ ನೋಡಿದ ನಮ್ಮ ಪ್ರಯೋಗಾಲಯದ ಮೇಡಂ, "ನಮ್ಮ ಔಷಧಿ ಏನಮ್ಮಾ, ಕಳ್ಳನಾ?" ಎಂದರು. ಕರಪತ್ರ ಎತ್ತಿಕೊಂಡು ನನ್ನ ಮೇಜಿಗೆ ವಾಪಸಾದೆ. ಈ ತುಣುಕುಗಳಿಗೆ ಬುದ್ಧಿ ಕಲಿಸುವುದೂ ಕಪ್ಪೆ ತೂಗಿದ ಹಾಗೆಯೇ, ಒಂದನ್ನು ಕೂರಿಸಿದರೆ ಇನ್ನೊಂದು ನೆಗೆಯುತ್ತದೆ. ಎಷ್ಟು ವರ್ಷ ಹಿಡಿಯುತ್ತದೋ. ನಿನ್ನ ಗಂಟು ಅಲ್ಲಿಯವರೆಗೆ ಕಾಯುವಂಥದ್ದೋ ಅಲ್ಲವೋ, ಅದನ್ನು ಹೇಳಬೇಕಾದದ್ದು ಸೂಜಿ. ಕಪ್ಪೆಯಲ್ಲ, ನಾನೂ ಅಲ್ಲ.

ಚಿಕ್ಕಮ್ಮನಿಗೆ ನಮಸ್ಕಾರ, ಕಪ್ಪೆಗೆ ಬಿಡುಗಡೆ.

ನೀನು ‘ಮೂಗಿ’ ಎಂದು ಕರೆಯುವ
ಮೊಮ್ಮಗಳು

ಮರೆತಿದ್ದೆ: ಶುಕ್ರವಾರದ ಪರೀಕ್ಷೆಯಿಂದ ಹೆಸರು ತೆಗೆಸಲು ನೀನು ಆಸ್ಪತ್ರೆಗೆ ಫೋನ್ ಮಾಡಿದ್ದೆಯಂತೆ. ನಾನು ಫೋನ್ ಮಾಡಿ ಮತ್ತೆ ಸೇರಿಸಿದ್ದೇನೆ. ಏಳು ತಿಂಗಳಲ್ಲಿ ಮೊದಲ ಸಲ ಮೇಡಂ ಎದುರು ಬಾಯಿಬಿಟ್ಟು ರಜೆಯನ್ನೂ ಕೇಳಿದೆ. "ಅಯ್ಯೋ, ನಿಂಗೆ ಮಾತು ಬರುತ್ತಾ!" ಎಂದು ಕೊಟ್ಟೇಬಿಟ್ಟರು. ಒಂಬತ್ತು ಗಂಟೆಗೆ ನಿನ್ನ ಬಾಗಿಲಲ್ಲಿರುತ್ತೇನೆ. ಚುಚ್ಚುವಾಗ ಏನಾದರೂ ಹಿಡಿದುಕೊಳ್ಳಬೇಕು ಅನ್ನಿಸಿದರೆ ನನ್ನ ಕೈ ಇದೆ. ಕಪ್ಪೆಗಿಂತ ತಣ್ಣಗಿರುತ್ತದೆ, ನನಗೂ ಭಯವೇ.